ಚಾಲಕನ ನಿಯಂತ್ರಣ ತಪ್ಪಿ...

ಇವತ್ತು ರಾಜಕೀಯ ಇಲ್ಲ. ಯಾರು ದೆಹಲಿಗೆ ಹೋದ್ರು, ಯಾರ ಕುರ್ಚಿ ಅಲುಗಾಡ್ತಿದೆ ಅನ್ನೋದನ್ನ ನಾಳೆ ನೋಡೋಣ. ಇವತ್ತು ನನ್ನ ಕಾರಿನ ಸ್ಟೀರಿಂಗ್ ಅಲುಗಾಡಿದ ಕಥೆ ಹೇಳ್ತೀನಿ.

ಈ ಮೇಜಿನ ಮೇಲೆ ಏನಿದೆ ನೋಡಿ. ಒಂದು ಹಳೇ ಟೈರು. ಇದನ್ನ ಸ್ಟುಡಿಯೋ ಒಳಗೆ ಉರುಳಿಸಿಕೊಂಡು ಬಂದಾಗ ನಮ್ಮ ಹುಡುಗರೆಲ್ಲ ನಕ್ಕರು. ಕ್ಯಾಮೆರಾ ಸ್ವಲ್ಪ ಹತ್ತಿರ ಬರಲಿ. ಈ ಹೊರಮೈ ನೋಡಿ, ಚೆನ್ನಾಗಿಯೇ ಇದೆ. ಗೆರೆಗಳು ಆಳವಾಗಿವೆ, ಸವೆದಿಲ್ಲ. ಪಕ್ಕದಲ್ಲಿ ನಿಂತು ನೋಡುವ ಯಾರಿಗಾದರೂ ಇದು ಒಳ್ಳೇ ಟೈರೇ. ಈಗ ಮಗುಚುತ್ತೇನೆ. ಕಾರಿನ ಅಡಿಗೆ ಮುಖ ಮಾಡಿಕೊಂಡಿರುವ ಬದಿ ಇದು. ಇಲ್ಲಿ ನನ್ನ ಹೆಬ್ಬೆರಳು ಒತ್ತಿದರೆ ಮೆತ್ತಗೆ ಒಳಗೆ ಹೋಗ್ತಿದೆ, ನೋಡಿದ್ರಾ? ಗಾಳಿ ತೆಗೆದ ಮೇಲೆ ಹೀಗೆ ಸುಕ್ಕಾಗಿದೆ. ಗಾಳಿ ಇದ್ದಾಗ ಇದೇ ಜಾಗ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಈ ಟೈರ್ ಮೇಲೆ ನನ್ನ ಅಮ್ಮ, ನನ್ನ ಹೆಂಡತಿ, ನನ್ನ ಮಗಳು ನಾಲ್ಕು ಸಲ ಮೈಸೂರಿಗೆ ಹೋಗಿ ಬಂದಿದ್ದಾರೆ. ಓಡಿಸಿದವನು ನಾನು.

ಕಥೆಗೆ ಬರುವ ಮೊದಲು ಒಂದು ಮಾತು. ನಮ್ಮ ಸುದ್ದಿಮನೆಯಲ್ಲಿ ಒಂದು ರೆಡಿಮೇಡ್ ವಾಕ್ಯ ಇದೆ. 'ಚಾಲಕನ ನಿಯಂತ್ರಣ ತಪ್ಪಿ.' ಮುಂದೆ ಏನು ಬೇಕಾದರೂ ಸೇರಿಸಿಕೊಳ್ಳಬಹುದು. ಡಿವೈಡರ್‌ಗೆ ಡಿಕ್ಕಿ, ಮರಕ್ಕೆ ಡಿಕ್ಕಿ, ಕೆರೆಗೆ ಪಲ್ಟಿ. ಎಷ್ಟು ಸಾವಿರ ಸಲ ಓದಿದ್ದೇನೋ ನನಗೇ ಲೆಕ್ಕ ಇಲ್ಲ. 2022ರಲ್ಲಿ ಈ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ. ಇದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಅತಿವೇಗ ಇದೆ, ಕುಡಿತ ಇದೆ, ನಿದ್ದೆ ಇದೆ, ಹಾಳು ರಸ್ತೆ ಇದೆ, ಒಪ್ಪಿಕೊಳ್ಳೋಣ. ಆದರೆ ನಿಯಂತ್ರಣ ತಪ್ಪಿತು ಅಂತ ಬರೀತೀವಲ್ಲ, ಅದಕ್ಕೆ ಹದಿನೈದು ದಿನ ಮೊದಲು ಆ ಗಾಡಿ ಏನು ಹೇಳ್ತಿತ್ತು ಅಂತ ನಾವು ಒಂದು ದಿನವಾದರೂ ಕೇಳಿದ್ದೀವಾ? ಪ್ರತಿ ಸಲ ಅಲ್ಲದಿದ್ದರೂ ಎಷ್ಟೋ ಸಲ ಗಾಡಿ ಮೊದಲೇ ಹೇಳಿರುತ್ತದೆ. ನನ್ನ ಗಾಡಿ ಹೇಳ್ತು. ನಾನು ಏನು ಮಾಡಿದೆ ಗೊತ್ತಾ? ಹಾಡಿನ ಸೌಂಡ್ ಜಾಸ್ತಿ ಮಾಡಿದೆ.

ಮಳೆಗಾಲದ ಕೊನೆ. ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಹೋಗ್ತಿದ್ದೆ. ರಸ್ತೆ ತುಂಬ ನೀರು. ನೀರಿನ ಕೆಳಗೆ ಗುಂಡಿ ಇರಬಹುದು ಅನ್ನೋದು ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. 'ಧಡ್' ಅಂತು. ಎಡಗಡೆ ಮುಂದಿನ ಚಕ್ರ. ಇಳಿದು ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಗಾಳಿ ಹೋಗಿರಲಿಲ್ಲ. ಪಾಲಿಕೆಯವರನ್ನ ಎರಡು ಮಾತು ಬೈದು ಮನೆಗೆ ಹೋದೆ. ಮುಂದಿನ ವಾರ ಪೂರ್ತಿ ಸ್ಟುಡಿಯೋ, ಮನೆ, ಸ್ಟುಡಿಯೋ. ಗಾಡಿಗೆ ಏನೂ ಆಗಿಲ್ಲ ಅನ್ನಿಸ್ತು.

ಇಲ್ಲಿ ಬೆಂಗಳೂರಿನವರು ಗಮನ ಕೊಡಬೇಕು. ಈ ಊರಿನ ಟ್ರಾಫಿಕ್ ಗಾಡಿಯ ಕಾಯಿಲೆಯನ್ನ ಮುಚ್ಚಿಡುತ್ತೆ. ಸೋಮವಾರದಿಂದ ಶುಕ್ರವಾರದವರೆಗೆ ನಮ್ಮ ಕಾರು ನಲವತ್ತು ದಾಟೋದೇ ಇಲ್ಲ. ಚಕ್ರದ ತೂಕದಲ್ಲಿ ಏರುಪೇರಿದ್ದರೆ, ರಿಮ್ ಸ್ವಲ್ಪ ಬಗ್ಗಿದ್ದರೆ, ಅದು ಗೊತ್ತಾಗೋದು ಎಂಬತ್ತರ ಆಸುಪಾಸಿನಲ್ಲಿ. ಶನಿವಾರ ಬೆಳಗ್ಗೆ ಇದೇ ಕಾರಿಗೆ ಸಂಸಾರ ತುಂಬಿಕೊಂಡು, ಡಿಕ್ಕಿಯಲ್ಲಿ ಸಾಮಾನು ತುಂಬಿಕೊಂಡು ನೇರ ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿಸ್ತೀವಿ. ಅಲ್ಲಿ ಗಂಟೆಗೆ 100 ಕಿಲೋಮೀಟರ್ ತನಕ ಅನುಮತಿ ಇದೆ. ಐದು ದಿನ ಮುಚ್ಚಿಟ್ಟುಕೊಂಡಿದ್ದ ಕಾಯಿಲೆ ಹೊರಗೆ ಬರೋದು ಅಲ್ಲಿ, ಎಲ್ಲಕ್ಕಿಂತ ಹೆಚ್ಚು ಅಪಾಯ ಇರುವ ಜಾಗದಲ್ಲಿ.

ಬಿಡದಿ ದಾಟಿದ ಮೇಲೆ 85ಕ್ಕೆ ಸ್ಟೀರಿಂಗ್ ಝುಂ ಅನ್ನೋಕೆ ಶುರುವಾಯ್ತು. ಮೊಬೈಲ್ ವೈಬ್ರೇಟ್ ಆಗುತ್ತಲ್ಲ, ಹಾಗೆ. 95ಕ್ಕೆ ಹೋದೆ, ಕಡಿಮೆಯಾಯ್ತು. ಆಹಾ, ಸರಿಹೋಯ್ತು! ನಮ್ಮಲ್ಲಿ ಒಂದು ಹೆದ್ದಾರಿ ವೇದಾಂತ ಇದೆ: 'ಸ್ವಲ್ಪ ಸ್ಪೀಡ್ ಕೊಡು, ತಾನಾಗೇ ಹೋಗುತ್ತೆ.' ತೂಕ ತಪ್ಪಿದ ಚಕ್ರ ಒಂದು ನಿರ್ದಿಷ್ಟ ವೇಗದಲ್ಲಿ ಕಾರಿನ ಸಹಜ ಕಂಪನದ ಜೊತೆ ತಾಳ ಹಾಕುತ್ತೆ. ಆ ವೇಗ ದಾಟಿದರೆ ತಾಳ ತಪ್ಪುತ್ತೆ, ನಡುಕ ಕಡಿಮೆಯಾದಂತೆ ಅನ್ನಿಸುತ್ತೆ. ಕಾಯಿಲೆ ಅಲ್ಲೇ ಇರುತ್ತೆ ಸ್ವಾಮಿ. ಉಯ್ಯಾಲೆಯನ್ನ ತಪ್ಪು ಹೊತ್ತಿಗೆ ತಳ್ಳಿದರೆ ಅದು ಮೇಲಕ್ಕೆ ಹೋಗೋದಿಲ್ಲ, ಅಷ್ಟೇ. ತಳ್ಳುವ ಕೈ ನಿಂತಿರೋದಿಲ್ಲ.

ಅಮ್ಮ ಹಿಂದಿನ ಸೀಟಿನಿಂದ, 'ಏನೋ ಗಾಡಿ ನಡುಗ್ತಾ ಇದೆಯಲ್ಲೋ' ಅಂದರು. 'ರೋಡ್ ಹಂಗಿದೆ ಅಮ್ಮ' ಅಂದೆ. ಸೌಂಡ್ ಜಾಸ್ತಿ ಮಾಡಿದೆ.

ಆಮೇಲೆ ಆಯುಧಪೂಜೆ ಬಂತು. ಕಾರು ತೊಳೆಸಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದೆ ಹತ್ತಿಸಿದೆ. ಐದನೇ ನಿಂಬೆಹಣ್ಣು ಟೈರಿನ ಒಳಬದಿಯಲ್ಲೇ ಇತ್ತು. ಆ ಕಡೆ ಬಗ್ಗಿ ನೋಡಿದವರಾರು?

ಕೊನೆಗೂ ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ ಹೋದೆ. ಹೆಸರು ಬೇಡ. ಎಸಿ ಕೋಣೆ, ಕಾಫಿ ಕೊಟ್ಟರು. ಟ್ಯಾಬ್ ಹಿಡಿದುಕೊಂಡ ಹುಡುಗ ಬಂದು 'ಏನ್ ಪ್ರಾಬ್ಲಂ ಸಾರ್?' ಅಂದ. ನಾನು 'ವೈಬ್ರೇಷನ್' ಅಂದೆ. ಅಷ್ಟೇ. ದಿನಾ ಗಂಟೆಗಟ್ಟಲೆ ಮಾತಾಡೋನು ನಾನು, ಅಲ್ಲಿ ನನ್ನ ಬಾಯಿಂದ ಬಂದಿದ್ದು ಒಂದೇ ಒಂದು ಪದ. ಡಾಕ್ಟರ್ ಹತ್ತಿರ ಹೋಗಿ 'ನೋವು' ಅಂತ ಮಾತ್ರ ಹೇಳಿ ಸುಮ್ಮನೆ ಕೂತರೆ ಅವರು ತಾನೇ ಏನು ಮಾಡ್ತಾರೆ? ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಬರೀತಾರೆ. ಇಲ್ಲೂ ಅದೇ ಆಯ್ತು. ಅರ್ಧ ಗಂಟೆಗೆ ಎಸ್ಟಿಮೇಟ್ ಬಂತು. ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್, ಟೈ ರಾಡ್, ಲೇಬರ್, ಜಿಎಸ್‌ಟಿ ಎಲ್ಲಾ ಸೇರಿ 42,000 ರೂಪಾಯಿ. ಮೋಸ ಅಂತ ನಾನು ಹೇಳೋದಿಲ್ಲ. ಅವುಗಳಲ್ಲಿ ಯಾವುದೋ ಒಂದೆರಡು ಸವೆದೇ ಇರಬಹುದು. ಆದರೆ ಒಬ್ಬರೂ ಆ ಕಾರನ್ನ 80ರ ವೇಗದಲ್ಲಿ ಓಡಿಸಿ ನೋಡಲಿಲ್ಲ, ಚಕ್ರ ಬಿಚ್ಚಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ.

ನಮ್ಮ ಓಬಿ ವ್ಯಾನ್ ಓಡಿಸುವವರು ವಿಷಯ ಕೇಳಿ, 'ಸಾರ್, ನಮ್ಮ ಮೇಸ್ತ್ರಿಗೆ ಒಂದ್ಸಲ ತೋರಿಸಿ' ಅಂದರು. ಕರ್ಕೊಂಡು ಹೋದರು. ತಗಡಿನ ಶೆಡ್ಡು, ಒಂದು ಜ್ಯಾಕು, ಒಂದು ಬ್ಯಾಲೆನ್ಸಿಂಗ್ ಮೆಷಿನ್ನು. ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಬಾನೆಟ್ ಎತ್ತಲಿಲ್ಲ. ಕಾರು ಮುಟ್ಟಲೂ ಇಲ್ಲ. ನನ್ನನ್ನ ಸ್ಟೂಲ್ ಮೇಲೆ ಕೂರಿಸಿ ಪ್ರಶ್ನೆ ಕೇಳೋಕೆ ಶುರು ಮಾಡಿದರು. ಮಂತ್ರಿಗಳನ್ನ ನಾನು ಹಾಗೆ ಕೇಳಿದ್ದರೆ ಈ ರಾಜ್ಯ ಎಲ್ಲೋ ಇರ್ತಿತ್ತು!

ಎಷ್ಟು ಸ್ಪೀಡಿಗೆ ಶುರುವಾಗುತ್ತೆ? ಕೈಗೆ ಗೊತ್ತಾಗುತ್ತಾ, ಸೀಟಿಗೆ ಗೊತ್ತಾಗುತ್ತಾ, ಕಾಲಿಗೆ ಗೊತ್ತಾಗುತ್ತಾ? ಬ್ರೇಕ್ ತುಳಿದಾಗ ಜಾಸ್ತಿಯಾಗುತ್ತಾ? ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಾ? ನಿಂತಿದ್ದಾಗಲೂ ನಡುಗುತ್ತಾ? ಇತ್ತೀಚೆಗೆ ಗುಂಡಿಗೆ ಬಿದ್ದಿತ್ತಾ?

ಒಂದೊಂದು ಪ್ರಶ್ನೆಗೂ ಒಂದು ಅರ್ಥ ಇದೆ. ನಾನು ಅವರಿಂದ ಕೇಳಿ ತಿಳಿದುಕೊಂಡೆ, ಆಮೇಲೆ ಓದಿಯೂ ನೋಡಿದೆ. ಪೆನ್ನಿದ್ದರೆ ಬರ್ಕೊಳ್ಳಿ.

ನಡುಕ ಸ್ಟೀರಿಂಗ್‌ನಲ್ಲಿ ಬಂದರೆ ಸಾಮಾನ್ಯವಾಗಿ ತೊಂದರೆ ಮುಂದಿನ ಚಕ್ರದಲ್ಲಿ. ಸ್ಟೀರಿಂಗ್ ಸುಮ್ಮನಿದ್ದು ಸೀಟು, ನೆಲ ನಡುಗಿದರೆ ಹಿಂದಿನ ಚಕ್ರದಲ್ಲಿ. ಒಂದು ವೇಗಕ್ಕೆ ಶುರುವಾಗಿ ಆಮೇಲೆ ಕಡಿಮೆಯಾದರೆ ಮೊದಲ ಅನುಮಾನ ವೀಲ್ ಬ್ಯಾಲೆನ್ಸಿಂಗ್ ಮೇಲೆ. ರಿಮ್ಮಿನ ಅಂಚಿಗೆ ಸಣ್ಣ ಸಣ್ಣ ತೂಕದ ತುಂಡು ಅಂಟಿಸಿರ್ತಾರಲ್ಲ, ಅದರಲ್ಲಿ ಒಂದು ಉದುರಿದರೂ ಸಾಕು. ಹಳ್ಳಿ ರಸ್ತೆಯಲ್ಲಿ ಹೋಗಿ ಬಂದು ರಿಮ್ ಒಳಗೆ ಕೆಸರು ಗಟ್ಟಿಯಾಗಿ ಕೂತಿದ್ದರೂ ಸಾಕು. ಎಷ್ಟೋ ಸಲ ನೀರಿನ ಪೈಪ್ ಹಿಡಿದು ತೊಳೆದರೇ ಸರಿಹೋಗುತ್ತೆ!

ನಮ್ಮಲ್ಲಿ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳ್ತೀವಿ. ಅವು ಬೇರೆ ಬೇರೆ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತೆ. ನಡುಕಕ್ಕೆ ಅದು ನೇರ ಕಾರಣ ಆಗೋದು ಕಡಿಮೆ. ನಡುಗುವ ಕಾರಿಗೆ ಬರೀ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದು, ದುಡ್ಡು ದಂಡ ಆಯ್ತು ಅಂತ ಗೊಣಗುವವರು ನಮ್ಮ ಆಫೀಸಿನಲ್ಲೇ ಮೂವರಿದ್ದಾರೆ.

ಬ್ರೇಕ್ ತುಳಿದಾಗ ಮಾತ್ರ ಪೆಡಲ್ ಕಾಲನ್ನ ಮೇಲಕ್ಕೆ ತಳ್ಳಿದಂಗಾಗಿ ಸ್ಟೀರಿಂಗ್ ಅದುರಿದರೆ ಬ್ರೇಕ್ ಡಿಸ್ಕ್ ನೋಡಿಸಿ. ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ ಅಂತ ಅರ್ಥ. ಒಂದು ಎಚ್ಚರಿಕೆ. ಎಬಿಎಸ್ ಇರುವ ಕಾರಿನಲ್ಲಿ ಗಕ್ಕನೆ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಟಕಟಕ ಅಂತ ಅದುರೋದು ಸಹಜ. ಎಬಿಎಸ್ ತನ್ನ ಕೆಲಸ ಮಾಡ್ತಿದೆ. ಕೆಲವರು ಹೆದರಿ ಕಾಲು ತೆಗೆದುಬಿಡ್ತಾರೆ. ತೆಗೀಬೇಡಿ, ಒತ್ತಿ ಹಿಡೀರಿ.

ಆಕ್ಸಿಲರೇಟರ್ ಕೊಟ್ಟಾಗ ನಡುಗಿ, ಬಿಟ್ಟರೆ ನಿಲ್ಲುತ್ತಾ? ಇಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಕಡೆ ನೋಡಬೇಕು. ಪೂರ್ತಿ ಸ್ಟೀರಿಂಗ್ ತಿರುಗಿಸಿ ಯು ಟರ್ನ್ ಹೊಡೆಯುವಾಗ 'ಟಿಕ್ ಟಿಕ್ ಟಿಕ್' ಅಂದರೆ ಅದೇ ಶಾಫ್ಟಿನ ಹೊರಗಿನ ಕೀಲು ಹೋಗ್ತಿದೆ. ಆ ಕೀಲಿಗೆ ರಬ್ಬರಿನ ಒಂದು ಬೂಟ್ ಇರುತ್ತೆ. ಅದು ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ. ಹರಿದಾಗಲೇ ನೋಡಿದರೆ ಬೂಟ್ ಹಾಕಿಸುವ ಖರ್ಚಿನಲ್ಲಿ ಮುಗಿಯುತ್ತೆ. ನೋಡದಿದ್ದರೆ ಇಡೀ ಶಾಫ್ಟ್.

ಸಿಗ್ನಲ್‌ನಲ್ಲಿ ನಿಂತಾಗ ನಡುಗಿ ಓಡುವಾಗ ಸರಿಯಾದರೆ ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಂಜಿನ್ ಕೂರಿಸಿರುವ ರಬ್ಬರ್ ಮೌಂಟ್ ಕುಸಿದಿರಬಹುದು, ಪ್ಲಗ್ಗೋ ಕಾಯಿಲ್ಲೋ ಕೈಕೊಟ್ಟು ಒಂದು ಸಿಲಿಂಡರ್ ಕೆಲಸ ನಿಲ್ಲಿಸಿರಬಹುದು. ಹಾಗೇ ಈಗಿನ ಎಷ್ಟೋ ಸಣ್ಣ ಕಾರುಗಳು ಮೂರು ಸಿಲಿಂಡರಿನವು, ಸ್ವಲ್ಪ ನಡುಗೋದು ಅವುಗಳ ಹುಟ್ಟುಗುಣ. ಕ್ಲಚ್ ಬಿಡುವಾಗ ಮಾತ್ರ ಗಡಗಡ ಅಂದರೆ ಕ್ಲಚ್ ನೋಡಿಸಿ.

ನಡುಕಕ್ಕಿಂತ ಹೆಚ್ಚಾಗಿ ಗುಂಯ್ ಅನ್ನೋ ಸದ್ದು ಬರ್ತಿದ್ದು, ವೇಗದ ಜೊತೆ ಏರುತ್ತಿದ್ದರೆ ವೀಲ್ ಬೇರಿಂಗ್ ಇರಬಹುದು. ಮೇಸ್ತ್ರಿ ಇದಕ್ಕೆ ಒಂದು ಉಪಾಯ ಹೇಳಿಕೊಟ್ಟರು. ಉದ್ದನೆಯ ಎಡ ತಿರುವಿನಲ್ಲಿ ಕಾರಿನ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತೆ. ಅಲ್ಲಿ ಸದ್ದು ಜೋರಾದರೆ ಬಲಗಡೆ ಬೇರಿಂಗ್, ಬಲ ತಿರುವಿನಲ್ಲಿ ಜೋರಾದರೆ ಎಡಗಡೆಯದ್ದು.

ಇವುಗಳಲ್ಲಿ ಹೆಚ್ಚಿನವಕ್ಕೆ ನಾಳೆ ತೋರಿಸೋಣ ಅಂತ ಒಂದು ದಿನ ತಡೆಯಬಹುದು. ಒಂದಕ್ಕೆ ಮಾತ್ರ ಒಂದು ನಿಮಿಷವೂ ತಡೆಯಬಾರದು. ಪಂಕ್ಚರ್ ಹಾಕಿಸಿದ ಮೇಲೋ ಟೈರ್ ಬದಲಾಯಿಸಿದ ಮೇಲೋ, ಕಡಿಮೆ ವೇಗದಲ್ಲೇ ಚಕ್ರ ಓಲಾಡಿದಂತಾಗಿ ಟಕ್ ಟಕ್ ಸದ್ದು ಬಂದು, ಅದು ಹೆಚ್ಚುತ್ತಾ ಹೋದರೆ ವೀಲ್ ನಟ್ ಸಡಿಲ ಆಗಿದೆ. ಅಲ್ಲೇ ಪಕ್ಕಕ್ಕೆ ಹಾಕಿ, ಇಳಿದು ನೋಡಿ. ಚಕ್ರ ಬಿಚ್ಚಿ ಹಾಕಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ನಟ್‌ಗಳನ್ನ ಇನ್ನೊಂದು ಸಲ ಬಿಗಿ ಮಾಡಿಸಬೇಕು. ಮಾಡಿಸುವವರು ಎಷ್ಟು ಜನ ಇದ್ದೀರಿ, ಎದೆ ಮುಟ್ಟಿ ಹೇಳಿ.

ನನ್ನ ಉತ್ತರಗಳೆಲ್ಲ ಒಂದೇ ಕಡೆ ಬೆರಳು ತೋರಿಸ್ತಿದ್ದವು. 85ಕ್ಕೆ ಶುರು, ಕೈಗೆ ಗೊತ್ತಾಗುತ್ತೆ, ಬ್ರೇಕಿಗೆ ಸಂಬಂಧ ಇಲ್ಲ, ಗುಂಡಿಗೆ ಬಿದ್ದಿದ್ದು ಹೌದು. ಮೇಸ್ತ್ರಿ ಜ್ಯಾಕ್ ಕೊಟ್ಟು ಎಡಗಡೆ ಮುಂದಿನ ಚಕ್ರ ಎತ್ತಿ, ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರು. ರಿಮ್ಮಿನ ಒಳ ಅಂಚು ಒಂದು ಕಡೆ ಬಗ್ಗಿತ್ತು. ಆಮೇಲೆ ಟೈರಿನ ಹಿಂದೆ ಕೈ ಹಾಕಿ ಸವರಿದರು. ಒಂದು ಕಡೆ ಕೈ ನಿಂತಿತು. ಏನೂ ಹೇಳಲಿಲ್ಲ. ನನ್ನ ಕೈ ಹಿಡಿದು ಆ ಜಾಗದ ಮೇಲೆ ಇಟ್ಟರು.

ಟೈರಿನ ಬಲ ರಬ್ಬರಿನಲ್ಲಿಲ್ಲ, ಒಳಗೆ ನೇಯ್ದ ದಾರಗಳಲ್ಲಿದೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಚಿವುಟಿದಂತೆ ಸಿಕ್ಕಾಗ ದಾರಗಳು ಹರಿಯುತ್ತವೆ. ರಬ್ಬರ್ ಹರಿಯೋದಿಲ್ಲ, ಹಾಗಾಗಿ ಗಾಳಿ ಹೋಗೋದಿಲ್ಲ, ನಮಗೆ ಗೊತ್ತಾಗೋದಿಲ್ಲ. ಆಮೇಲೆ ಆ ಜಾಗದಲ್ಲಿ ಅಷ್ಟೂ ಒತ್ತಡವನ್ನ ತಡೆದುಕೊಂಡಿರೋದು ಬರೀ ರಬ್ಬರಿನ ಚರ್ಮ. ಬಿಸಿಲು, ವೇಗ, ಐದು ಜನರ ಭಾರ. ಇದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ, ಟೈರ್ ಎಸೆಯಲೇಬೇಕು. 'ಎಷ್ಟು ದಿನ ಬರ್ತಿತ್ತು ಇದು?' ಅಂತ ಕೇಳಿದೆ. 'ಇಷ್ಟು ದಿನ ಬಂದಿದೆಯಲ್ಲ ಸಾರ್' ಅಂದರು.

ಮುಂದಿನ ಎರಡೂ ಟೈರ್ ಹೊಸದು ಹಾಕಿಸಿದೆ, ರಿಮ್ ಬದಲಾಯಿಸಿದೆ. ಎಸ್ಟಿಮೇಟಿನ ಅರ್ಧವೂ ಆಗಲಿಲ್ಲ. ಆದರೆ ದುಡ್ಡಿನ ಮಾತು ಬಿಡಿ. ಆ 42,000 ಕೊಟ್ಟು ಎಲ್ಲವನ್ನೂ ಹೊಸದು ಹಾಕಿಸಿದ್ದರೂ ಈ ಟೈರ್ ಮಾತ್ರ ಅಲ್ಲೇ ಇರುತ್ತಿತ್ತೋ ಏನೋ. ರಿಪೇರಿ ಆಯ್ತು ಅನ್ನೋ ಧೈರ್ಯದಲ್ಲಿ ನಾನು ಮತ್ತೆ 100ಕ್ಕೆ ಹೋಗ್ತಿದ್ದೆ.

ಹಾಗಾಗಿ ಗ್ಯಾರೇಜಿಗೆ ಹೋದಾಗ ಕಾಯಿಲೆಯ ಹೆಸರು ನೀವೇ ಹೇಳಬೇಡಿ, ಲಕ್ಷಣ ಹೇಳಿ. 'ಸಸ್ಪೆನ್ಷನ್ ಹೋಗಿದೆ ಅನ್ಸುತ್ತೆ' ಅಂದರೆ ಅವರು ಸಂತೋಷವಾಗಿ ಸಸ್ಪೆನ್ಷನ್ ಬಿಚ್ತಾರೆ. ಯಾವ ವೇಗ, ಎಲ್ಲಿ, ಯಾವಾಗ, ಎಂದಿನಿಂದ ಅನ್ನೋದನ್ನ ಹೇಳಿ. ಜೊತೆಗೆ ಕೂತು ಅದೇ ವೇಗಕ್ಕೆ ಓಡಿಸಿ ತೋರಿಸಿ. ಮೊದಲು ಗಾಳಿ, ಟೈರು, ಬ್ಯಾಲೆನ್ಸಿಂಗ್ ನೋಡಿ ಅನ್ನಿ, ದೊಡ್ಡ ಕೆಲಸ ಆಮೇಲೆ. ಬಿಚ್ಚಿದ ಹಳೇ ಸಾಮಾನು ಕೇಳಿ ಪಡೀರಿ.

ಟೈರಿನ ವಿಷಯ ಬಂದಿದ್ದಕ್ಕೆ ಇನ್ನೊಂದೆರಡು ಮಾತು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರ್ ಕೊಳ್ಳುವಾಗ ಇದನ್ನ ಓದಿ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗಂತೂ ಓದಲೇಬೇಕು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರ್ತವೆ. ಟೈರು ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದಿರೋದು 1.6 ಮಿಲಿಮೀಟರ್, ಆಯಸ್ಸು ಮುಗೀತು ಅಂತ. ಗಾಳಿಯನ್ನ ಟೈರ್ ತಣ್ಣಗಿರುವಾಗಲೇ ಹಿಡಿಸಬೇಕು, ನೂರು ಕಿಲೋಮೀಟರ್ ಓಡಿಸಿ ಬಿಸಿಯಾದ ಮೇಲಲ್ಲ. ಎಷ್ಟು ಹಿಡಿಸಬೇಕು ಅನ್ನೋದು ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೋ ಕಾರಿನ ಪುಸ್ತಕದಲ್ಲೋ ಬರೆದಿರುತ್ತೆ. ಗಾಳಿ ಕಡಿಮೆಯಿದ್ದರೆ ಟೈರಿನ ಬದಿ ಸುತ್ತು ಸುತ್ತಿಗೂ ಮಡಚಿಕೊಂಡು ಬಿಸಿಯಾಗುತ್ತೆ, ಬಿಸಿಯಾಗಿಯೇ ಸಿಡಿಯುತ್ತೆ. ನೈಟ್ರೋಜನ್ ಹಾಕಿಸಲೇಬೇಕಾ ಅಂತ ಎಷ್ಟೋ ಜನ ಕೇಳ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ ಕಣ್ರೀ. ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಗಾಳಿಯನ್ನೇ ಚೆಕ್ ಮಾಡಿಸಿ, ಸಾಕು.

ಉಳಿದ ತೊಂದರೆಗಳನ್ನ ಬೇಗ ಹೇಳಿಬಿಡ್ತೀನಿ, ಪಿಸಿಆರ್‌ನಿಂದ ಕಿವಿಯಲ್ಲಿ ಟೈಮ್ ಆಯ್ತು ಅಂತಿದ್ದಾರೆ. ಎಸಿ ಹಾಕಿದಾಗ ಕಾರಿನ ಕೆಳಗೆ ತಿಳಿನೀರು ತೊಟ್ಟಿಕ್ಕಿದರೆ ಹೆದರಬೇಡಿ. ಹಸಿರೋ ಗುಲಾಬಿಯೋ ಬಣ್ಣ ಇದ್ದರೆ ಕೂಲಂಟ್, ಕಪ್ಪಾಗಿ ಜಿಡ್ಡಾಗಿದ್ದರೆ ಇಂಜಿನ್ ಆಯಿಲ್, ಎರಡಕ್ಕೂ ಗ್ಯಾರೇಜ್. ಹೊಗೆ ನೀಲಿಯಾದರೆ ಇಂಜಿನ್ ಆಯಿಲ್ ಉರೀತಿದೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರ ಕೆಂಪಗೆ ಹೊತ್ತಿಕೊಂಡರೆ 'ಮನೆಗೆ ಹೋಗಿ ಆಯಿಲ್ ಹಾಕಿಸೋಣ' ಅನ್ನಬೇಡಿ. ಇಂಜಿನ್ನಿನ ಒಳಗೆ ಎಣ್ಣೆಯ ಒತ್ತಡ ಇಲ್ಲ ಅಂತ ಅದರ ಅರ್ಥ. ಅಲ್ಲೇ ಆಫ್ ಮಾಡಿ. ಹಳದಿ ಇಂಜಿನ್ ದೀಪ ಸುಮ್ಮನೆ ಉರೀತಿದ್ದರೆ ನಿಧಾನಕ್ಕೆ ಗ್ಯಾರೇಜ್ ತನಕ ಹೋಗಬಹುದು, ಮಿಣುಕ್ತಿದ್ದರೆ ಇಂಜಿನ್ ಮಿಸ್ ಹೊಡೀತಿದೆ, ಮುಂದೆ ಓಡಿಸಿದಷ್ಟೂ ಸೈಲೆನ್ಸರ್ ದಾರಿಯಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು. ಇಂಜಿನ್ ಕುದಿದಾಗ ರೇಡಿಯೇಟರ್ ಮುಚ್ಚಳ ತೆರೀಬೇಡಿ. ಒಳಗಿರೋದು ಒತ್ತಡದಲ್ಲಿರುವ ಕುದಿನೀರು, ಮುಖಕ್ಕೇ ಬರುತ್ತೆ.

ಘಾಟಿಯ ವಿಷಯ ಮಾತ್ರ ಬಿಡೋಕಾಗಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದಾಗಲೆಲ್ಲ ನಮ್ಮ ಓಬಿ ವ್ಯಾನ್ ಶಿರಾಡಿಗೆ ಓಡುತ್ತೆ. ನಮ್ಮ ಡ್ರೈವರ್ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಸ್ತಾರೆ, ಬ್ರೇಕ್ ಆಗಾಗ ಅಷ್ಟೇ. ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಬ್ರೇಕ್ ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿಕೊಂಡ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ತುಳಿದರೆ ಕಾಲು ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಾಯಿಸಿ ಅಂತ ಹೇಳೋದು ಇದಕ್ಕೇ. ಕೆಳಗೆ ಕಂದಕಕ್ಕೆ ಬಿದ್ದ ಗಾಡಿಯ ಮುಂದೆ ಮೈಕ್ ಹಿಡಿದು ನಿಂತಾಗ, ಅದರ ಬ್ರೇಕ್ ಆಯಿಲ್ ಎಷ್ಟು ವರ್ಷದ್ದು ಅಂತ ನಾವು ಯಾರೂ ಕೇಳಿಲ್ಲ.

ಈ ಟೈರ್ ಸಿಕ್ಕ ಮೇಲೆ ನಾನು ನಮ್ಮ ಜಿಲ್ಲಾ ವರದಿಗಾರರಿಗೆ ಒಂದು ಮಾತು ಹೇಳಿದೆ. ಅಪಘಾತದ ಸುದ್ದಿ ಕಳಿಸುವಾಗ ಟೈರುಗಳ ಫೋಟೋನೂ ಕಳಿಸಿ ಅಂತ. 'ಟೈರ್ ಫೋಟೋ ಯಾಕೆ ಸಾರ್?' ಅಂದವರೇ ಎಲ್ಲ. ಕಳೆದ ವಾರ ಒಂದು ಕಡೆಯಿಂದ ರಾತ್ರಿ ಎಂಟೂವರೆಗೆ ಸುದ್ದಿ ಬಂತು. ಮದುವೆ ಮುಗಿಸಿ ಬರ್ತಿದ್ದ ಕಾರು, ಇಬ್ಬರು ಸ್ಥಳದಲ್ಲೇ. ಡೆಸ್ಕಿನ ಹುಡುಗಿ ಅದೇ ಮೂರು ಪದದಿಂದ ಶುರು ಮಾಡಿ ಬರೆದಿದ್ದಳು. ಫೋಟೋ ಕೇಳಿ ಅಂದೆ. ಒಂಬತ್ತಕ್ಕೆ ಬುಲೆಟಿನ್ ಶುರುವಾಯ್ತು, ಫೋಟೋ ಬಂದಿರಲಿಲ್ಲ. ಹತ್ತು ಗಂಟೆಗೆ ಮೈಕ್ ಬಿಚ್ಚಿ ಮೊಬೈಲ್ ನೋಡಿದರೆ ಫೋಟೋ ಬಂದಿತ್ತು. ಎಡಗಡೆ ಮುಂದಿನ ಟೈರು. ಗೆರೆ ಪೂರ್ತಿ ಅಳಿಸಿಹೋಗಿ, ಒಂದು ಅಂಚಿನಲ್ಲಿ ರಬ್ಬರೂ ಸವೆದು ಒಳಗಿನ ತಂತಿ ಕಾಣ್ತಿತ್ತು.

ಅಷ್ಟೊತ್ತಿಗೆ ನಾನು 'ಚಾಲಕನ ನಿಯಂತ್ರಣ ತಪ್ಪಿ' ಅಂತಲೇ ಓದಿ ಮುಗಿಸಿದ್ದೆ.